‘ವೈ’ ಎಲ್ಲಿಂದ ಬಂತು? ‘ಹೌ’ ಮೊದಲಲ್ಲಿ ಮಾತ್ರ ಡಬ್ಲ್ಯೂ ಯಾಕಿಲ್ಲ?

ಮಲೆನಾಡ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಎಂಟನೇ ತರಗತಿಯಲ್ಲಿ ಪ್ರಶ್ನೆ ಕೇಳುವ ಪದಗಳನ್ನು ಹೇಳಿಕೊಡುವಾಗ ‘ಡಬ್ಲ್ಯೂ-ಎಚ್ ಪದಗಳು’ ಅಂತ ತಲೆಬರಹ ಹಾಕಿ, ಕೆಳಗೆ ವಾಟ್, ಹೂ, ವೇರ್, ವೆನ್, ವೈ, ಹೌ ಅಂತ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ಹೌ ಎಚ್‌ನಿಂದ ಶುರುವಾಗತ್ತೆ, ಅದನ್ಯಾಕೆ ಇದರಲ್ಲಿ ಸೇರ್ಸಿದೀರಿ?” ಅಂದಳು. ಅವಳು ಕೂರುವ ಮೊದಲೇ ಹಿಂದಿನಿಂದ ಒಬ್ಬ, “ಹೂ ಬರೆಯೋವಾಗ ಡಬ್ಲ್ಯೂ ಇದೆ, ಓದೋವಾಗ ಇಲ್ಲ, ಅದ್ಯಾಕೆ?” ಅಂತ ಕೇಳಿದ.

ಇಂಗ್ಲಿಷ್ ಹಾಗೇ ಕಣ್ರೋ ಅಂತ ಹೇಳಿ ಮುಂದಕ್ಕೆ ಹೋಗೋಕೆ ನನಗೆ ಮನಸ್ಸು ಬರಲಿಲ್ಲ. ಇಷ್ಟು ಚೆನ್ನಾಗಿ ನೋಡಿರುವ ಮಕ್ಕಳಿಗೆ ಸರಿಯಾದ ಉತ್ತರ ಸಿಗಬೇಕು. ಮನೆಗೆ ಬಂದು ದೊಡ್ಡ ಡಿಕ್ಷನರಿ ತೆಗೆದು ನೋಡಿದೆ. ‘ವೈ’ ಪದದ ಹತ್ತಿರ ‘ಓಲ್ಡ್ ಇಂಗ್ಲಿಷ್, ವಾಟ್ ಪದದ ಇನ್‌ಸ್ಟ್ರುಮೆಂಟಲ್ ಕೇಸ್’ ಅಂತಿದೆ. ಅಲ್ಲಿಗೆ ನನ್ನ ಓದು ನಿಂತಿತು. ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಬ್ಬರು, ಇವೆಲ್ಲ ಸಂಸ್ಕೃತದ ‘ಕಿಮ್’ನಿಂದ ಹುಟ್ಟಿದವು, ಇಂಗ್ಲಿಷ್‌ನವರು ತೆಗೆದುಕೊಂಡು ಹೋಗಿದ್ದು ಅಂತ ಬರೆದರು. ಅದು ನಿಜವೇ? ಮಕ್ಕಳಿಗೆ ಅರ್ಥವಾಗುವ ಹಾಗೆ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ ಆಗುತ್ತೆ.

ಧಾರವಾಡ ಮಂದಿ:

ಟೀಚರ್ ಬಾಯಾರ, ಆ ಹುಡುಗಿಗೆ ಶಾಬ್ಬಾಸ್ ಅನ್ರಿ ಮೊದಲ. ನನಗ ಇಂಗ್ಲಿಷಿನ ಹಿಂದಿನ ಕತಿ ಗೊತ್ತಿಲ್ರಿ, ಆದ್ರ ನಿಮ್ಮ ಪ್ರಶ್ನಿ ಓದಿದ ಮ್ಯಾಲೆ ನಮ್ಮ ಮಾತನ್ನ ಒಮ್ಮೆ ಜೋಡಿಸಿ ನೋಡಿದೆ. ಯಾರು, ಯಾವ, ಯಾವಾಗ, ಯಾಕ, ಇವೆಲ್ಲಾ ‘ಯಾ’. ಏನು, ಎಲ್ಲಿ, ಎಷ್ಟು, ಎಂಥಾದ್ದು, ಇವೆಲ್ಲಾ ‘ಎ’ ಇಲ್ಲಾ ‘ಏ’. ‘ಹ್ಯಾಂಗ’ ಒಂದಽ ‘ಹ’ ಹಚ್ಚಿಕೊಂಡು ಬಂದೈತಿ. ಅಂದ್ರ ಕನ್ನಡದಾಗೂ ‘ಹೇಗೆ’ ಒಂದು ಗುಂಪಿನಿಂದ ಹೊರಗ ನಿಂತಂಗ ಕಾಣ್ತದ, ಇಂಗ್ಲಿಷಿನಾಗೂ ‘ಹೌ’ ಒಂದು ಹೊರಗ. ಇದಕ್ಕ ಏನರ ಸಂಬಂಧ ಐತೇನ್ರಿ? ತಿಳಿದವರು ಹೇಳ್ರಿ, ನಾನೂ ಕಾಯ್ತೀನಿ.

ಹಳೆಬೇರು:

ಮೇಡಂ, ನಿಮ್ಮ ಡಿಕ್ಷನರಿಯ ‘ಇನ್‌ಸ್ಟ್ರುಮೆಂಟಲ್ ಕೇಸ್’ ಅಂದರೆ ನಮ್ಮ ತೃತೀಯಾ ವಿಭಕ್ತಿ. ನಿಮ್ಮ ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರು ‘ಇಂದ’ ಪ್ರತ್ಯಯ ಅಂತ ಹೇಳಿಕೊಡುತ್ತಿರುತ್ತಾರಲ್ಲ, ಅದೇ. ನಾನು ಮೈಸೂರಿನಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಕನ್ನಡ ವ್ಯಾಕರಣ ಓದಿಕೊಂಡು ಬಂದವರಿಗೆ ಈ ಭಾಗ ಬೇಗ ಹಿಡಿಸುತ್ತಿತ್ತು. ಇಂಗ್ಲಿಷ್ ಒಂದನ್ನೇ ಓದಿ ಬಂದವರಿಗೆ ವಿಭಕ್ತಿ ಅನ್ನುವುದನ್ನೇ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಹಾಗಾಗಿ ನಿಮ್ಮ ಮಕ್ಕಳು ಕನ್ನಡ ಮಾಧ್ಯಮದವರು ಅನ್ನುವುದು ಇಲ್ಲಿ ಅನುಕೂಲವೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಂಗ್ಲೆಂಡಿನ ದಕ್ಷಿಣಕ್ಕೆ ವೆಸೆಕ್ಸ್ ಅಂತ ಒಂದು ರಾಜ್ಯವಿತ್ತು. 871ರಿಂದ 899ರವರೆಗೆ ಆಲ್ಫ್ರೆಡ್ ಅಲ್ಲಿಯ ದೊರೆ. ಆ ಕಾಲದ ಇಂಗ್ಲಿಷನ್ನು ಇವತ್ತಿನ ಲಂಡನ್ನಿನವರು ಓದಿದರೆ ಒಂದು ಸಾಲೂ ಅರ್ಥವಾಗುವುದಿಲ್ಲ, ಆದರೆ ಅದರ ವ್ಯಾಕರಣದ ಕಟ್ಟು ನಮಗೆ ಪರಿಚಿತ. ನಾಮಪದಕ್ಕೆ, ಸರ್ವನಾಮಕ್ಕೆ ವಿಭಕ್ತಿಗಳಿದ್ದವು. ಪ್ರಶ್ನೆ ಕೇಳುವ ಸರ್ವನಾಮ ಮನುಷ್ಯರಿಗಾದರೆ ‘ಹ್ವಾ’, ವಸ್ತುವಿಗಾದರೆ ‘ಹ್ವ್ಯಾಟ್’. ನಮ್ಮ ಯಾರು, ಏನು ಇದ್ದ ಹಾಗೆ. ಹ್ವಾ ಅನ್ನುವುದು ಗಂಡಸಿಗೂ ಹೆಂಗಸಿಗೂ ಒಂದೇ, ನಮ್ಮ ‘ಯಾರು’ವಿನ ಹಾಗೆಯೇ. ಇದಕ್ಕೆ ವಿಭಕ್ತಿ ಹಚ್ಚುತ್ತಾ ಹೋಗಿ. ಯಾರನ್ನು ಅನ್ನಲಿಕ್ಕೆ ‘ಹ್ವೊನೆ’. ಯಾರಿಗೆ ಅನ್ನಲಿಕ್ಕೆ ‘ಹ್ವಾಮ್’. ಯಾರ, ಏತರ ಎರಡಕ್ಕೂ ‘ಹ್ವ್ಯಾಸ್’. ಏತರಿಂದ ಅನ್ನಲಿಕ್ಕೆ ‘ಹ್ವೀ’. ಈ ಕೊನೆಯದರ ಸ್ವರವನ್ನು ತುಟಿ ದುಂಡಗೆ ಮಾಡಿಕೊಂಡು ‘ಈ’ ಅಂದ ಹಾಗೆ ಹೇಳುತ್ತಿದ್ದರು.

ಈಗ ಇವತ್ತಿನ ಪದಗಳನ್ನು ಪಕ್ಕಕ್ಕೆ ಇಟ್ಟು ನೋಡಿ. ಹ್ವಾ ಈಗಿನ ಹೂ. ಹ್ವ್ಯಾಟ್ ಈಗಿನ ವಾಟ್. ಹ್ವ್ಯಾಸ್ ಈಗಿನ ಹೂಸ್. ಅದರ ಸ್ವರ ಮಾತ್ರ ಹೂ ಪದದ ಕಡೆಗೆ ವಾಲಿಕೊಂಡಿದೆ. ಹ್ವಾಮ್ ಈಗಿನ ಹೂಮ್. ಹ್ವೀ ಈಗಿನ ವೈ. ನಾವು ಮಕ್ಕಳಿಗೆ ಐದು ಬೇರೆ ಬೇರೆ ಪದಗಳು ಅಂತ ಬಾಯಿಪಾಠ ಮಾಡಿಸುವುದು ನಿಜವಾಗಿ ಒಂದೇ ಪದದ ಐದು ರೂಪಗಳು. ಈ ಒಂದು ಮಾತನ್ನು ನೀವು ಬೋರ್ಡಿನ ಮೇಲೆ ತೋರಿಸಿದರೆ ಸಾಕು, ಮಕ್ಕಳ ಕಣ್ಣು ಅರಳುವುದನ್ನು ನೀವೇ ನೋಡುತ್ತೀರಿ.

ಹೂಮ್ ಬಗ್ಗೆ ಒಂದು ಮಾತು. ಹಿಮ್, ದೆಮ್, ಹೂಮ್, ಈ ಮೂರರ ಕೊನೆಯಲ್ಲೂ ಒಂದು ‘ಮ್’ ಇದೆಯಲ್ಲ, ಅದು ಹಳೆಯ ಚತುರ್ಥಿಯ ಗುರುತು. ಹಿಮ್ ಅಂದರೆ ಮೂಲದಲ್ಲಿ ‘ಅವನಿಗೆ’. ‘ಅವನನ್ನು’ ಅನ್ನಲಿಕ್ಕೆ ‘ಹಿನೆ’ ಅಂತ ಬೇರೆ ರೂಪ ಇತ್ತು, ಅದು ಹ್ವೊನೆ ಜೊತೆಗೇ ಬಳಕೆ ತಪ್ಪಿತು. ಚತುರ್ಥಿಯೇ ಎರಡೂ ಕೆಲಸ ಹೊತ್ತುಕೊಂಡಿತು. ದೆಮ್ ಮಾತ್ರ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಭಾಷೆಯಿಂದ ಬಂದದ್ದು, ಅಲ್ಲೂ ಅದು ಚತುರ್ಥಿಯೇ.

ಇನ್ನು ‘ವೈ’. ಅದರ ಮೂಲ ಅರ್ಥ ‘ಏತರಿಂದ’. ನೀನು ಏತರಿಂದ ಅಳುತ್ತೀಯೆ, ಅಂದರೆ ಯಾವ ಕಾರಣದಿಂದ. ಇಂಗ್ಲಿಷಿನಲ್ಲಿ ವಿಭಕ್ತಿಗಳೆಲ್ಲ ಸವೆದು ಹೋದ ಮೇಲೆ ಈ ರೂಪ ಒಂಟಿಯಾಗಿ ಉಳಿಯಿತು, ವಾಟ್ ಜೊತೆಗಿನ ಸಂಬಂಧ ಆಡುವವರಿಗೇ ಮರೆತುಹೋಯಿತು. ನಮ್ಮ ‘ಏಕೆ’ಗೂ ಹೀಗೇ ಆಗಿದೆ. ಏಕೆ ಅಂದರೆ ‘ಏನು’ವಿನ ಮೂಲಕ್ಕೆ ‘ಕೆ’ ಪ್ರತ್ಯಯ ಸೇರಿದ್ದು, ಚತುರ್ಥೀ ವಿಭಕ್ತಿ. ‘ಏತಕ್ಕೆ’, ‘ಯಾತಕ್ಕೆ’ ಅಂದಾಗ ಪ್ರತ್ಯಯ ಕಣ್ಣಿಗೆ ಕಾಣುತ್ತದೆ. ‘ಯಾಕೆ’ ಅಂದಾಗ ಅದು ಅಡಗಿದೆ, ಯಾರೂ ಅದನ್ನು ಒಡೆದು ನೋಡುವುದಿಲ್ಲ. ಇಂಗ್ಲಿಷಿನವರು ಕಾರಣ ಕೇಳಲು ಏನು ಅನ್ನುವುದಕ್ಕೆ ತೃತೀಯೆ ಹಚ್ಚಿದರು, ನಾವು ಚತುರ್ಥಿ ಹಚ್ಚಿದೆವು. ಸಂಸ್ಕೃತದಲ್ಲಿ ಏತರಿಂದ ಅನ್ನುವ ತೃತೀಯೆ ‘ಕೇನ’. ಕೇನೋಪನಿಷತ್ತಿಗೆ ಆ ಹೆಸರು ಬಂದದ್ದು ಅದರ ಮೊದಲ ಪದ ‘ಕೇನ’ ಆಗಿರುವುದರಿಂದ.

ಇದನ್ನು ಓದಿ ಯಾರಾದರೂ, ಇಂಗ್ಲಿಷರು ಹಿಂದಿನ ಕಾರಣ ನೋಡುವವರು, ಕನ್ನಡಿಗರು ಮುಂದಿನ ಉದ್ದೇಶ ನೋಡುವವರು ಅಂತ ತತ್ತ್ವ ಕಟ್ಟಲು ಹೊರಡಬಹುದು. ದಯವಿಟ್ಟು ಬೇಡ. ರಷ್ಯನ್ ಭಾಷೆಯಲ್ಲಿ ಎರಡೂ ಇವೆ. ಅಲ್ಲಿ ‘ಪಚಿಮು’ ಚತುರ್ಥಿಯಿಂದ ಕಟ್ಟಿದ್ದು, ಅದು ಕಾರಣ ಕೇಳುತ್ತದೆ. ‘ಝಚೆಮ್’ ತೃತೀಯೆಯಿಂದ ಕಟ್ಟಿದ್ದು, ಅದು ಉದ್ದೇಶ ಕೇಳುತ್ತದೆ. ಲೆಕ್ಕ ಪೂರ್ತಿ ತಲೆಕೆಳಗು.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಹ್ವೀಗೆ ಒಂದು ಜೋಡಿ ಇತ್ತು, ‘ಥೀ’. ಅದು ದ್ಯಾಟ್ ಪದದ ತೃತೀಯೆ, ‘ಅದರಿಂದ’. ‘ಫಾರ್ ಹ್ವೀ’ ಅಂತ ಕೇಳಿದರೆ ‘ಫಾರ್ ಥೀ’ ಅಂತ ಉತ್ತರ ಕಟ್ಟಬಹುದಿತ್ತು. ಏತಕ್ಕೆ ಅಂದರೆ ಅದಕ್ಕೆ ಅಂತ ನಾವು ಹೇಳುವ ಹಾಗೆ. ಆ ಥೀ ಸತ್ತುಹೋಗಿದೆ ಅಂತ ತಿಳಿಯಬೇಡಿ. ‘ದ ಮೋರ್ ದ ಮೆರಿಯರ್’ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾರಲ್ಲ, ಅಲ್ಲಿ ಬರುವ ‘ದ’ ನೀವು ಆರ್ಟಿಕಲ್ ಅಂತ ಪಾಠ ಮಾಡುವ ‘ದ’ ಅಲ್ಲ. ಅದು ಈ ಹಳೆಯ ಥೀ. ಎಷ್ಟರಿಂದ ಹೆಚ್ಚೋ ಅಷ್ಟರಿಂದ ಸಂತೋಷ ಅನ್ನುವ ಕಟ್ಟು. ‘ಲೆಸ್ಟ್’ ಅನ್ನುವ ಪದವೂ ‘ಥೀ ಲ್ಯಾಸ್ ಥೆ’ ಅನ್ನುವುದು ಸವೆದು, ಮೊದಲಿನ ಥೀ ಉದುರಿ ಆದದ್ದು. ಮಕ್ಕಳು ದಿನಾ ಬರೆಯುವ ವೈ ಪದದ ಜೊತೆಗಾರ ಇನ್ನೂ ಅವರ ಪಠ್ಯದ ಸಾಲುಗಳಲ್ಲಿ ಉಸಿರಾಡುತ್ತಿದೆ, ಗುರುತು ಹಿಡಿಯುವವರು ಕಡಿಮೆ ಅಷ್ಟೆ.

ಹ್ವೀ ಅನ್ನುವುದು ವೈ ಆದದ್ದು ಹೇಗೆ? 15ನೇ ಶತಮಾನದಿಂದ ಮುಂದೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ‘ಈ’ ಇದ್ದದ್ದು ‘ಐ’ ಆಯಿತು. ಟೀಮ ಅನ್ನುತ್ತಿದ್ದುದು ಟೈಮ್ ಆಯಿತು, ಮೀನ್ ಅನ್ನುತ್ತಿದ್ದುದು ಮೈನ್ ಆಯಿತು, ಹ್ವೀ ಅನ್ನುತ್ತಿದ್ದುದು ವೈ. ಬರವಣಿಗೆ ಅಷ್ಟರಲ್ಲಿ ಗಟ್ಟಿಯಾಗುತ್ತಾ ಬಂದಿತ್ತು. ಬರೆಯುವುದೊಂದು ಓದುವುದೊಂದು ಅಂತ ಮಕ್ಕಳು ಗೋಳಾಡುವುದರಲ್ಲಿ ದೊಡ್ಡ ಪಾಲು ಈ ಬದಲಾವಣೆಯದು.

ಈಗ ನಿಮ್ಮ ಆ ಇಬ್ಬರು ಮಕ್ಕಳ ಪ್ರಶ್ನೆ. ಹಳೆಯ ಕಾಲದಲ್ಲಿ ಈ ಎಲ್ಲ ಪದಗಳಲ್ಲೂ ಎಚ್ ಮೊದಲು, ಡಬ್ಲ್ಯೂ ಧ್ವನಿ ಆಮೇಲೆ, ಬರೆಯುತ್ತಿದ್ದುದೂ ಹಾಗೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರು ಬಂದರು. ಸಿ ಆದ ಮೇಲೆ ಎಚ್, ಟಿ ಆದ ಮೇಲೆ ಎಚ್ ಹೀಗೆ ಎಚ್ ಎರಡನೆಯದಾಗಿ ಬರುವ ಜೋಡಿಗಳು ರೂಢಿಯಾದಾಗ ಇದನ್ನೂ ತಿರುಗಿಸಿ ಡಬ್ಲ್ಯೂ-ಎಚ್ ಮಾಡಿದರು. ಬಾಯಲ್ಲಿ ಮಾತ್ರ ಎಚ್ ಮೊದಲೇ ಉಳಿಯಿತು.

‘ಹೌ’ ಕೂಡ ಇದೇ ಬೇರಿನಿಂದ ಬಂದ ಇನ್ನೊಂದು ಹಳೆಯ ರೂಪ, ಆದಿಯಲ್ಲಿ ಅದೂ ‘ಹ್ವೋ’. ಅದರ ಸ್ವರ ‘ಊ’ ಆಯಿತು. ‘ವ್’ ಹೇಳುವಾಗಲೂ ತುಟಿ ದುಂಡು, ‘ಊ’ ಹೇಳುವಾಗಲೂ ತುಟಿ ದುಂಡು, ಹಾಗಾಗಿ ನಡುವಿನ ವ್ ಕರಗಿ ‘ಹೂ’ ಉಳಿಯಿತು. ಇದು ನಡೆದದ್ದು ಇಂಗ್ಲಿಷನ್ನು ಬರೆಯಲು ಶುರು ಮಾಡುವುದಕ್ಕೂ ಮೊದಲು. ಬರೆಯುವ ಹೊತ್ತಿಗೆ ವ್ ಇರಲೇ ಇಲ್ಲ, ಹಾಗಾಗಿ ಮೊದಲಲ್ಲಿ ಡಬ್ಲ್ಯೂ ಬರಲಿಲ್ಲ. ಆ ಹೂ ಆಮೇಲೆ ಸ್ವರ ಬದಲಾಗಿ ಹೌ ಆಯಿತು. ಇತ್ತ ‘ಹ್ವಾ’ ಶತಮಾನಗಳ ನಂತರ ಹ್ವೋ ಆಗಿ, ಅದೇ ಕಾರಣಕ್ಕೆ ವ್ ಕಳೆದುಕೊಂಡು ಹೂ ಆಯಿತು. ಆದರೆ ಅಷ್ಟರಲ್ಲಿ ಡಬ್ಲ್ಯೂ-ಎಚ್ ಬರವಣಿಗೆ ನಿಂತುಬಿಟ್ಟಿತ್ತು. ಒಂದೇ ಧ್ವನಿ ಎರಡು ಪದಗಳಲ್ಲೂ ಬಿದ್ದುಹೋಯಿತು. ಒಂದರಲ್ಲಿ ಬರವಣಿಗೆಗೆ ಮೊದಲು, ಇನ್ನೊಂದರಲ್ಲಿ ಬರವಣಿಗೆಯ ನಂತರ. ಹುಡುಗಿಯ ಪ್ರಶ್ನೆಗೂ ಹುಡುಗನ ಪ್ರಶ್ನೆಗೂ ಉತ್ತರ ಒಂದೇ.

ಧಾರವಾಡದವರ ಪ್ರಶ್ನೆಗೆ: ‘ಹೌ’ ಮತ್ತು ‘ಹೇಗೆ’ ಎರಡಕ್ಕೂ ಹಕಾರ ಇರುವುದು ಆಕಸ್ಮಿಕ, ಸಂಬಂಧವಿಲ್ಲ. ಕನ್ನಡದಲ್ಲಿ ಪ್ರಶ್ನೆಯ ಗುರುತು ಸ್ವರದಲ್ಲಿದೆ. ಇಲ್ಲಿ, ಅಲ್ಲಿ, ಎಲ್ಲಿ. ಇಷ್ಟು, ಅಷ್ಟು, ಎಷ್ಟು. ಹೀಗೆ, ಹಾಗೆ, ಹೇಗೆ. ಹಕಾರ ಮೂರಕ್ಕೂ ಸಮ, ಒಳಗಿನ ‘ಏ’ ಪ್ರಶ್ನೆ ಕೇಳುತ್ತಿದೆ. ಹಳಗನ್ನಡದ ಇಂತು, ಅಂತು, ಎಂತು ನೋಡಿದರೆ ಇನ್ನೂ ಸ್ಪಷ್ಟ. ಹಾಗಾಗಿ ‘ಹೇಗೆ’ ಗುಂಪಿನ ಹೊರಗೆ ನಿಂತಿಲ್ಲ. ಇಂಗ್ಲಿಷಿನಲ್ಲೂ ಇಂಥ ಸಾಲುಗಳಿವೆ: ಹಿಯರ್, ದೇರ್, ವೇರ್. ಹಳಬರ ಇಂಗ್ಲಿಷಿನಲ್ಲಿ ಹಿದರ್, ದಿದರ್, ವಿದರ್ ಅಂದರೆ ಇಲ್ಲಿಗೆ, ಅಲ್ಲಿಗೆ, ಎಲ್ಲಿಗೆ. ಹೆನ್ಸ್, ದೆನ್ಸ್, ವೆನ್ಸ್ ಅಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಅವರದು ಮೊದಲ ವ್ಯಂಜನ ಬದಲಿಸುವ ಪದ್ಧತಿ, ನಮ್ಮದು ಸ್ವರ ಬದಲಿಸುವ ಪದ್ಧತಿ.

ಕೊನೆಗೆ ವಾಟ್ಸಾಪಿನ ಮಾತು. ಸಂಸ್ಕೃತದ ಕಃ, ಕಿಮ್, ಕುತ್ರ, ಕದಾಗಳಿಗೂ ಇಂಗ್ಲಿಷಿನ ಪದಗಳಿಗೂ ನಿಜವಾಗಿ ರಕ್ತಸಂಬಂಧ ಇದೆ. ಆದರೆ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ, ಎರಡೂ ಅದಕ್ಕಿಂತ ಹಳೆಯ ಒಂದು ಭಾಷೆಯಿಂದ ಕವಲೊಡೆದವು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಆಡಿದ ಪ್ರಸಿದ್ಧ ಮಾತು ಇದೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದು ಸಮಾನ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಉಳಿದಿರಲಿಕ್ಕಿಲ್ಲ. ಆ ಮೂಲದಲ್ಲಿ ಪ್ರಶ್ನೆಯ ಧ್ವನಿ ‘ಕ್ವ’ದಂಥದ್ದು. ಲ್ಯಾಟಿನ್‌ನಲ್ಲಿ ಅದು ಹಾಗೇ ಉಳಿದು ಕ್ವಿಸ್, ಕ್ವಿದ್, ಕ್ವೊದ್ ಆಯಿತು. ಸಂಸ್ಕೃತದಲ್ಲಿ ಕ ಆಯಿತು, ಇಕಾರದ ಮುಂದೆ ಕೆಲವೆಡೆ ಚ ಆಯಿತು. ‘ಕಶ್ಚಿತ್’, ‘ಕಿಂಚಿತ್’ ಅನ್ನುತ್ತೇವಲ್ಲ, ಆ ‘ಚಿತ್’ ಲ್ಯಾಟಿನ್ನಿನ ‘ಕ್ವಿದ್’ಗೆ ಅಕ್ಷರಕ್ಕೆ ಅಕ್ಷರ ಸರಿಹೊಂದುತ್ತದೆ. ಇಂಗ್ಲಿಷ್ ಸೇರಿದ ಜರ್ಮ್ಯಾನಿಕ್ ಕವಲಿನಲ್ಲಿ ಕ ಹಕಾರವಾಯಿತು, ದ ಟಕಾರವಾಯಿತು. ಕ್ವೊದ್ ಎಂಬಂಥದ್ದು ಹ್ವ್ಯಾಟ್. ಇದು ಒಂದು ಪದಕ್ಕೆ ಆದದ್ದಲ್ಲ, ನಿಯಮವಾಗಿ ಆದದ್ದು. ಪಾದ ಅನ್ನುವುದರ ಬಂಧು ಫೂಟ್. ಪ ಫಕಾರವಾಗಿದೆ, ದ ಟಕಾರವಾಗಿದೆ. ಯಾಕೋಬ್ ಗ್ರಿಮ್ 1822ರಲ್ಲಿ ಈ ನಿಯಮವನ್ನು ಕ್ರಮಬದ್ಧವಾಗಿ ಬರೆದಿಟ್ಟ. ಹಾಗಾಗಿ ಮಕ್ಕಳಿಗೆ ‘ಕಿಮ್’ನಿಂದ ವಾಟ್ ಬಂತು ಅಂತ ಹೇಳಬೇಡಿ, ಎರಡೂ ಒಂದೇ ಮನೆತನದವು ಅಂತ ಹೇಳಿ. ಕನ್ನಡದ ಏನು, ಯಾರು ಆ ಮನೆತನದವಲ್ಲ, ಅವು ದ್ರಾವಿಡ.

ಕುಂದಾಪ್ರದವ:

ಹಳೆಬೇರು ಅವರೇ, ಚತುರ್ಥಿ ಅಂದ್ರಲ್ಲ, ನಮ್ಮ ಕಡೆ ಅದು ಅಡಗಿಯೇ ಇಲ್ಲ. ನಾವು ಯಾಕೆ ಅನ್ನೋದು ಕಡಿಮೆ, ‘ಎಂತಕ್ಕೆ’ ಅಂತೇವೆ. ಎಂತ ಅಂದ್ರೆ ಏನು, ಎಂತಕ್ಕೆ ಅಂದ್ರೆ ಯಾಕೆ. ಪ್ರತ್ಯಯ ಎದುರಿಗೇ ಕೂತಿದೆ. ಹವ್ಯಕರು ‘ಎಂತಕೆ’ ಅಂತಾರೆ. ನನ್ನ ಹೆಂಡತಿ ಕಡೆಯವರು ಉಡುಪಿ, ಮನೆಮಾತು ತುಳು. ಅವರ ‘ದಾಯೆಗ್’ ಅನ್ನೋದರ ಕೊನೆಯ ‘ಗ್’ ಕೂಡ ಚತುರ್ಥಿಯೇ, ಇಲ್ಲ್‌ಗ್ ಅಂದ್ರೆ ಮನೆಗೆ ಅನ್ನೋ ಹಾಗೆ. ತೆಲುಗಿನ ‘ಎಂದುಕು’, ಮಲಯಾಳದ ‘ಎಂದಿನ್’, ತಮಿಳಿನ ‘ಎದಱ್ಕು’ ಎಲ್ಲದರಲ್ಲೂ ಅದೇ. ಅಂದ್ರೆ ‘ಏನಕ್ಕೆ’ ಅಂತ ಕಾರಣ ಕೇಳೋದು ನಮ್ಮ ಇಡೀ ದಕ್ಷಿಣದ ಪದ್ಧತಿ ಅಂತಾಯ್ತು. ಇದನ್ನು ಇಷ್ಟು ದಿನ ಆಡ್ತಾ ಇದ್ರೂ ಹೀಗೆ ಬಿಡಿಸಿ ನೋಡಿರಲಿಲ್ಲ. ಖುಷಿ ಆಯ್ತು.

ಅಬರ್ಡೀನ್ ಕನ್ನಡತಿ:

ನಾನು ಹಾಸನದವಳು. ಈಗ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು “ಫಾರ್ ಆರ್ ಯೇ ಫೇ?” ಅಂತ ಕೇಳಿದರು. ಯಾವುದೋ ದೂರದ ವಿಷಯ ಕೇಳುತ್ತಿದ್ದಾರೆ ಅಂದುಕೊಂಡೆ. ಜೊತೆಗಿದ್ದವಳು, ನೀನು ಎಲ್ಲಿಯವಳು ಅಂತ ಕೇಳ್ತಿದಾರೆ ಅಂದಳು. ಇಲ್ಲಿಯ ಹಳಬರ ಮಾತಿಗೆ ಡೊರಿಕ್ ಅಂತಾರೆ. ಅವರಿಗೆ ಡಬ್ಲ್ಯೂ-ಎಚ್ ಇರುವ ಕಡೆಯೆಲ್ಲ ಫಕಾರ. ವಾಟ್‌ಗೆ ಫಿಟ್, ವೇರ್‌ಗೆ ಫಾರ್, ಹೂಗೆ ಫಾ, ವೆನ್‌ಗೆ ಫ್ಯಾನ್. ಹೇಗಿದೀಯ ಅನ್ನೋಕೆ “ಫಿಟ್ ಲೈಕ್?” ಇನ್ನೂ ಹಳೇ ಶೈಲಿಯಲ್ಲಿ “ಫೂಸ್ ಯರ್ ಡೂಸ್?” ಅಂದರೆ ನಿನ್ನ ಪಾರಿವಾಳಗಳು ಹೇಗಿವೆ, ಅದಕ್ಕೆ “ಐ ಪೆಕಿನ್” ಅಂದರೆ ಕಾಳು ಕುಕ್ಕುತ್ತಲೇ ಇವೆ ಅಂತ ಉತ್ತರ ಕೊಡಬೇಕು. ಈಗ ನಾನೂ ಹಾಗೇ ಉತ್ತರ ಕೊಡ್ತೀನಿ, ಅವರ ಮುಖ ಬೆಳಗುತ್ತೆ.

ನನ್ನ ಪ್ರಶ್ನೆ: ಇಲ್ಲಿ ‘ಹೌ’ಗೂ ‘ಫೂ’ ಅಂತಾರೆ. ಹೌನಲ್ಲಿ ವ್ ಮೊದಲೇ ಬಿದ್ದುಹೋಗಿತ್ತು ಅಂದ ಮೇಲೆ ಇವರಿಗೆ ಫಕಾರ ಎಲ್ಲಿಂದ ಬಂತು? ಮತ್ತೆ, ಸ್ಕಾಟ್ಲೆಂಡಿನ ಬೇರೆ ಕಡೆಯವರು ವಿಚ್ ಅಂತ ‘ಯಾವುದು’ ಅನ್ನೋ ಅರ್ಥದಲ್ಲಿ ಹೇಳುವಾಗ ಮೊದಲು ಉಸಿರು ಊದಿ ‘ಹ್ವಿಚ್’ ಅಂತಾರೆ, ಮಾಟಗಾತಿಗೆ ಬರೀ ‘ವಿಚ್’. ಇದೇ ಆ ಹಳೆಯ ಧ್ವನಿಯಾ?

ಮಲೆನಾಡ ಟೀಚರ್:

ಹಳೆಬೇರು ಸರ್, ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ನಿಮ್ಮ ಉತ್ತರವನ್ನು ಪ್ರಿಂಟ್ ತೆಗೆದು ನಮ್ಮ ಕನ್ನಡ ಪಂಡಿತರಿಗೂ ಕೊಟ್ಟೆ. ವಿಭಕ್ತಿ ಪಾಠವನ್ನು ಇಬ್ಬರೂ ಸೇರಿ ಒಂದೇ ಪೀರಿಯಡ್‌ನಲ್ಲಿ ಮಾಡೋಣ ಅಂದಿದ್ದಾರೆ. ಎರಡು ಸಂದೇಹ ಉಳಿದಿವೆ. ಜೂಲಿಯೆಟ್ ಬಾಲ್ಕನಿಯಲ್ಲಿ ನಿಂತು ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಅನ್ನುತ್ತಾಳಲ್ಲ, ಅದು ಎಲ್ಲಿದ್ದೀಯ ಅಂತಲೋ ಯಾಕೆ ಅಂತಲೋ? ಹಾಗೇ, ಕಥೆಗಳಲ್ಲಿ ‘ವೈ, ಇಟ್ಸ್ ಯೂ!’ ಅಂತ ಬರುತ್ತೆ. ಅಲ್ಲಿ ವೈ ಪ್ರಶ್ನೆಯೇ ಅಲ್ಲ. ಮಕ್ಕಳು ‘ಯಾಕೆ, ಅದು ನೀನು’ ಅಂತ ಅನುವಾದ ಮಾಡಿಬಿಡ್ತಾರೆ.

ಹಳೆಬೇರು:

ಮೊದಲು ಅಬರ್ಡೀನಿನ ಸೋದರಿಗೆ. ಹೌದಮ್ಮ, ಆ ‘ಹ್ವಿಚ್’ ಆಲ್ಫ್ರೆಡ್ ಕಾಲದ ಧ್ವನಿಯೇ. ಇಂಗ್ಲೆಂಡಿನ ಹೆಚ್ಚಿನ ಕಡೆ ಅದು ಬರೀ ವ್ ಆಗಿದೆ. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಅಮೆರಿಕದ ದಕ್ಷಿಣದ ಕೆಲವರ ಬಾಯಲ್ಲಿ ಉಳಿದಿದೆ. ಹಳೆಯ ಸ್ಕಾಟ್ಸ್ ಕಾಗದಪತ್ರಗಳಲ್ಲಿ ಆ ಧ್ವನಿಯನ್ನು ಕ್ಯೂ-ಯು-ಎಚ್ ಅಂತ ಮೂರು ಅಕ್ಷರ ಹಾಕಿ ಬರೆಯುತ್ತಿದ್ದರು. ಅಷ್ಟು ಗಟ್ಟಿಯಾಗಿತ್ತು ಆ ಉಸಿರು. ಉಸಿರೂ ತುಟಿಯೂ ಒಟ್ಟಿಗೆ ಕೆಲಸ ಮಾಡುವ ಧ್ವನಿ ಫಕಾರಕ್ಕೆ ಜಾರುವುದು ಸುಲಭ, ನಿಮ್ಮ ಅಜ್ಜಿಯ ‘ಫಾರ್’ ಹಾಗೆ ಆದದ್ದು. ‘ಫೂ’ ವಿಷಯದಲ್ಲಿ ನೀವು ಕೇಳಿದ್ದು ಒಳ್ಳೆಯ ಸೂಕ್ಷ್ಮ. ಉಳಿದ ಪ್ರಶ್ನೆಪದಗಳೆಲ್ಲ ಒಂದೇ ಧ್ವನಿಯಿಂದ ಶುರುವಾಗುವಾಗ ಹೊರಗೆ ಉಳಿದ ಒಂದನ್ನು ಅವುಗಳ ಜೊತೆಗೆ ಎಳೆದುಕೊಳ್ಳುವುದು ಭಾಷೆಗಳ ಸಾಮಾನ್ಯ ನಡೆ. ತೀರ್ಥಹಳ್ಳಿಯ ಹುಡುಗಿಗೆ ಕಂಡ ಕೊರತೆ ಅಬರ್ಡೀನಿನ ಬಾಯಲ್ಲಿ ತುಂಬಿಕೊಂಡಿದೆ.

ಧ್ವನಿ ಹೀಗೆ ಜಾರುವುದು ನಮಗೇನು ಹೊಸದಲ್ಲ. ಪಾಲು ಹಾಲಾದದ್ದು, ಪೂ ಹೂವಾದದ್ದು, ಪುಲಿ ಹುಲಿಯಾದದ್ದು ನಮ್ಮಲ್ಲೇ ಇದೆ. ತುಟಿಯ ಧ್ವನಿ ಸಡಿಲವಾಗಿ ಉಸಿರಾಗುವುದು ಕನ್ನಡದ ದಾರಿ. ಉಸಿರಿನ ಧ್ವನಿ ತುಟಿಗೆ ಬಂದು ಕೂರುವುದು ಡೊರಿಕ್ಕಿನ ದಾರಿ.

ಟೀಚರ್, ಜೂಲಿಯೆಟ್ ಕೇಳುವುದು ‘ಯಾಕೆ’. ವೇರ್‌ಫೋರ್ ಅಂದರೆ ‘ಏತಕ್ಕಾಗಿ’. ನೀನು ಯಾಕಾದರೂ ರೋಮಿಯೋ ಆದೆ, ನಮ್ಮ ಮನೆಗೆ ಶತ್ರುವಾದ ಆ ಮನೆಯ ಮಗ ಯಾಕಾದೆ ಅನ್ನುವುದು ಅವಳ ಸಂಕಟ. ಅದಕ್ಕೇ ಮುಂದಿನ ಮಾತು ಪೂರ್ತಿ ಹೆಸರಿನ ಸುತ್ತ ಹೋಗುತ್ತದೆ, ಹೆಸರು ಬಿಟ್ಟುಬಿಡು ಅನ್ನುತ್ತಾಳೆ. ಎಷ್ಟೋ ನಾಟಕಗಳಲ್ಲಿ ಆ ಹುಡುಗಿ ಕತ್ತಲಲ್ಲಿ ಕಣ್ಣು ಚಾಚಿ ಹುಡುಕುವ ಹಾಗೆ ಅಭಿನಯಿಸುತ್ತಾರೆ. ನನಗೆ ಅದನ್ನು ನೋಡಿದಾಗ ನಿಜಕ್ಕೂ ನೋವಾಗುತ್ತದೆ, ಅಷ್ಟು ದೊಡ್ಡ ಸಂಕಟ ವಿಳಾಸ ಕೇಳಿದ ಹಾಗೆ ಆಗಿಬಿಡುತ್ತದೆ. ಸ್ವೀಡನ್ನಿನವರು ಇವತ್ತಿಗೂ ಯಾಕೆ ಅನ್ನಲಿಕ್ಕೆ ‘ವಾರ್‌ಫೋರ್’ ಅನ್ನುತ್ತಾರೆ, ಅದೇ ಕಟ್ಟು. ಜರ್ಮನ್ನಿನ ‘ವಾರುಮ್’ ಕೂಡ ವೇರ್ ಜೊತೆಗೆ ಇನ್ನೊಂದು ಪದ ಸೇರಿದ್ದು. ಹಳೆಯ ಹ್ವೀಯನ್ನು ನೇರವಾಗಿ ಉಳಿಸಿಕೊಂಡವರಲ್ಲಿ ಇಂಗ್ಲಿಷ್ ಬಿಟ್ಟರೆ ಐಸ್‌ಲ್ಯಾಂಡಿನವರಿದ್ದಾರೆ, ಅವರಲ್ಲಿ ಈಗಲೂ ‘ಕ್ವೀ’ ಅನ್ನುವ ಪದವಿದೆ.

ಪ್ರಶ್ನೆಯಲ್ಲದ ‘ವೈ’ 16ನೇ ಶತಮಾನದಿಂದ ಕಾಣಿಸಿಕೊಳ್ಳುತ್ತದೆ. ಆಶ್ಚರ್ಯಕ್ಕೆ, ಗಮನ ಸೆಳೆಯಲಿಕ್ಕೆ ಬರುವ ಮಾತು. ‘ವೈ, ಇಟ್ಸ್ ಯೂ’ ಅನ್ನುವುದಕ್ಕೆ ‘ಅರೆ, ನೀನಾ!’ ಅನ್ನಿ. ಪ್ರಶ್ನೆಯ ಪದ ಉದ್ಗಾರವಾಗುವುದು ಮಕ್ಕಳಿಗೆ ಗೊತ್ತಿರುವುದೇ. ‘ಏನು ಮಳೆ!’ ಅಂದಾಗ ಯಾರೂ ಉತ್ತರ ಹೇಳುವುದಿಲ್ಲ. ಹಳೆಯ ಇಂಗ್ಲಿಷಿನ ಮಹಾಕಾವ್ಯ ಬೇವುಲ್ಫ್ ಶುರುವಾಗುವುದೇ ‘ಹ್ವ್ಯಾಟ್’ ಪದದಿಂದ. ಅದರ ಹಸ್ತಪ್ರತಿ ಸುಮಾರು ಕ್ರಿ.ಶ. 1000ದ್ದು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬಹಳ ಕಾಲ ಆ ಪದವನ್ನು ‘ಕೇಳಿರಿ!’ ಅಂತ ಅನುವಾದಿಸುತ್ತಿದ್ದರು. ಅದು ಬೇರೆ ನಿಂತ ಕೂಗಲ್ಲ, ಮುಂದಿನ ವಾಕ್ಯಕ್ಕೇ ಸೇರಿದ ಉದ್ಗಾರ ಅಂತ ಇತ್ತೀಚೆಗೆ ವಾದ ಬಂದಿದೆ. ಪೂರ್ವಿಕರ ಕೀರ್ತಿಯನ್ನು ನಾವು ಏನೆಂದು ಕೇಳಿದ್ದೇವೆ ಅಂತ ಬೆರಗು ಪಡುವ ಹಾಗೆ. ‘ಏನು ಮಳೆ’ ಅನ್ನುವ ಕಿವಿ ಇರುವ ನನಗೆ ಈ ಎರಡನೆಯದೇ ಸಹಜ ಅನ್ನಿಸುತ್ತದೆ.

ಪಾಠಕ್ಕೆ ಒಂದು ಸಲಹೆ. ‘ವಿಚ್’ ಪದವನ್ನೂ ಆ ದಿನ ತೆಗೆದುಕೊಳ್ಳಿ. ಅದು ‘ಹ್ವಿಲಿಚ್’, ಯಾವ ಅನ್ನುವುದರ ಜೊತೆಗೆ ‘ಲೈಕ್’ ಅನ್ನುವುದರ ಹಳೆಯ ರೂಪ ಸೇರಿದ್ದು. ‘ಸಚ್’ ಕೂಡ ಹಾಗೇ. ವಿಚ್, ಸಚ್ ಅಂದರೆ ಮೂಲದಲ್ಲಿ ಎಂಥ, ಅಂಥ. ಪಂಡಿತರು ಇಂಥ-ಅಂಥ-ಎಂಥ ಬರೆದ ಪಕ್ಕದಲ್ಲೇ ನೀವು ಇವನ್ನು ಬರೆಯಬಹುದು.

ಹೂ ಪದದ ಮೂಕ ಡಬ್ಲ್ಯೂ ಕಂಡುಹಿಡಿದ ಆ ಹುಡುಗ ನಾಳೆ ‘ಹೋಲ್’ ಪದ ಹಿಡಿದುಕೊಂಡು ಬಂದೇ ಬರುತ್ತಾನೆ, ಪೂರ್ತಿ ಅನ್ನುವ ಅರ್ಥದ ಹೋಲ್. ಅದರಲ್ಲೂ ಡಬ್ಲ್ಯೂ ಇದೆ, ಓದುವುದಿಲ್ಲ. ಆದರೆ ಅಲ್ಲಿ ಯಾವ ಧ್ವನಿಯೂ ಬಿದ್ದುಹೋಗಿಲ್ಲ. ಮೂಲ ಪದ ‘ಹಾಲ್’, ಆರೋಗ್ಯವಾದ, ಊನವಿಲ್ಲದ ಅಂತ. ಹೀಲ್, ಹೆಲ್ತ್ ಎಲ್ಲ ಅದರ ಬಳಗ. 15ನೇ ಶತಮಾನದ ಸುಮಾರಿಗೆ ಬರೆಯುವವರು ಅದಕ್ಕೂ ಒಂದು ಡಬ್ಲ್ಯೂ ಸೇರಿಸಿದರು, ಅದು ಹಾಗೇ ನಿಂತಿತು. ಅವನು ಕೇಳಿದರೆ, ಹೂ ಪದದ್ದು ಒಂದು ಕಾಲದಲ್ಲಿ ನಿಜವಾಗಿ ನುಡಿಯುತ್ತಿದ್ದ ಡಬ್ಲ್ಯೂ, ಇದು ಬರೀ ಕೈಬರಹದಲ್ಲಿ ಸೇರಿಕೊಂಡ ಡಬ್ಲ್ಯೂ ಅಂತ ಹೇಳಿ.